ಕ್ರೋಶಾ ಟೋಪಿಯ ರಿಬ್ ಪಟ್ಟಿ ಜಗ್ಗುತ್ತಿಲ್ಲ, ಕೈಯ ಬಿಗಿಯೂ ಹೋಗುತ್ತಿಲ್ಲ: ಏನು ಮಾಡಲಿ?

ಕೌಲ್ ಬಜಾರ್ ಕುಚ್ಚು, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ನಾನು ಸೀರೆಗಳಿಗೆ ಕ್ರೋಶಾ ಕುಚ್ಚು ಹಾಕಿಕೊಡುವವಳು. ರೇಷ್ಮೆ ದಾರ, ಮಣಿ, ತೀರಾ ಸಣ್ಣ ಕಡ್ಡಿ, ಇವುಗಳಲ್ಲಿ ನನ್ನ ಕೈ ಪಳಗಿದೆ. ತಂಗಿ ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ, ಕೂಸಿಗೊಂದು ಉಲ್ಲನ್ ಟೋಪಿ ಹೆಣೆಯಬೇಕು. ಬಳ್ಳಾರಿಯಲ್ಲಿ ಉಲ್ಲನ್ ಟೋಪಿಯೇ ಎಂದು ನಗುವವರು ಜನವರಿಯಲ್ಲಿ ಬೆಳಗಿನ ಜಾವದ ಮೊದಲ ಬಸ್ಸಿಗೆ ನಿಂತು ನೋಡಲಿ.

ನೆತ್ತಿಯಿಂದ ಶುರು ಮಾಡಿ ಮೈ ತನಕ ಸರಿಯಾಗಿ ಬಂತು. ತಕರಾರು ಇರುವುದು ಕೆಳಗಿನ ರಿಬ್ ಪಟ್ಟಿಯದು, ಅಂದರೆ ಜಗ್ಗಿ ತಲೆಯನ್ನು ಹಿಡಿದು ಕೂರಬೇಕಾದ ಉಬ್ಬು ತಗ್ಗಿನ ಅಂಚಿನದು. ಒಂದು ಡಬಲ್ ಕ್ರೋಶಾ (ಎತ್ತರದ ಸ್ಟಿಚ್) ಕೆಳಗಿನ ಸ್ಟಿಚ್ಚಿನ ಕಂಬವನ್ನು, ಅಂದರೆ ಅದರ ನಿಂತ ಭಾಗವನ್ನು, ಮುಂದಿನಿಂದ ಹಿಡಿದು, ಇನ್ನೊಂದು ಹಿಂದಿನಿಂದ ಕಂಬ ಹಿಡಿದು ಸುತ್ತು ಹಾಕಿದ್ದೇನೆ. ನೋಡಲು ಅಂಗಡಿಯ ಟೋಪಿಯಂತೆಯೇ ಉಬ್ಬು ತಗ್ಗು ಇದೆ. ಎಳೆದರೆ ಮಾತ್ರ ಕದಲುವುದಿಲ್ಲ. ಎರಡನೆಯ ತೊಂದರೆ ನನ್ನ ಕೈಯದು. ಮುಂದಿನ ಸಾಲಿಗೆ ಕಡ್ಡಿ ತೂರಿಸಲು ಹೆಣಗಾಡಬೇಕು. ಉದ್ದ ಪಟ್ಟಿ ಹೆಣೆದರೆ ಶುರುವಿನ ಚೈನ್ (ಕುಣಿಕೆಗಳ ಸರಪಳಿ) ಇರುವ ಅಂಚು ಒಳಕ್ಕೆ ಎಳೆದುಕೊಂಡು ಬಿಲ್ಲಿನಂತೆ ಬಾಗುತ್ತದೆ.

ಜಗ್ಗುವ ರಿಬ್ ಕ್ರೋಶಾದಲ್ಲಿ ಸಾಧ್ಯವೇ, ಅಥವಾ ಅದು ಎರಡು ಕಡ್ಡಿಯ ಹೆಣಿಗೆಯವರ ಸೊತ್ತೇ?


ಸಿಂಧನೂರು ಸೂಜಿ

ಅಕ್ಕಾ, ಮೊದಲು ಇಷ್ಟು ಹೇಳಿ. ಉಲ್ಲನ್ ಯಾವುದು? ಕಡ್ಡಿ ಎಷ್ಟು ಮಿ.ಮೀ.? ಉಂಡೆಯ ಮೇಲಿನ ಕಾಗದದ ಪಟ್ಟಿಯಲ್ಲಿ ಯಾವ ಅಳತೆ ಬರೆದಿದೆ?


ಕೌಲ್ ಬಜಾರ್ ಕುಚ್ಚು, ಬಳ್ಳಾರಿ

ಅಕ್ರಿಲಿಕ್, ಲುಧಿಯಾನಾ ಮಾಲು. ಕಾಗದದಲ್ಲಿ 4 ಮಿ.ಮೀ. ಎಂದಿದೆ. ನಾನು ಹಿಡಿದಿರುವುದು 3 ಮಿ.ಮೀ. 4 ಮಿ.ಮೀ.ನದು ಕೈಗೆ ದಪ್ಪ ಎನಿಸುತ್ತದೆ, ಕುಚ್ಚಿಗೆ ನಾನು ಬಳಸುವುದು ಒಂದು ಮಿ.ಮೀ. ಆಸುಪಾಸಿನ ಉಕ್ಕಿನ ಕಡ್ಡಿ.


ಬಿಡುವಿನ ಹೆಣಿಗೆ, ಹೊಸಪೇಟೆ ರಸ್ತೆ

ಉತ್ತರ ನಿಮ್ಮ ಮಾತಿನಲ್ಲೇ ಇದೆಯಲ್ಲ. 5 ಮಿ.ಮೀ. ಕಡ್ಡಿ ಹಿಡಿಯಿರಿ, ಎಲ್ಲವೂ ಸಡಿಲವಾಗುತ್ತದೆ. ಇದಕ್ಕೆ ದೊಡ್ಡ ಚರ್ಚೆ ಬೇಕಿಲ್ಲ.


ಉಲ್ಲನ್ ಉಂಡೆ, ಕೊಪ್ಪಳ

ಬೇಕು. ಬಟ್ಟೆ ಸಡಿಲವಾದ ಮಾತ್ರಕ್ಕೆ ರಿಬ್ ಜಗ್ಗುವುದಿಲ್ಲ. 5 ಮಿ.ಮೀ. ಕಡ್ಡಿಯಲ್ಲಿ ಅದೇ ಕಂಬದ ರಿಬ್ ಹಾಕಿದರೆ ಪಟ್ಟಿ ಅಗಲವಾಗುತ್ತದೆ, ಟೋಪಿ ಕೂಸಿನ ಕಣ್ಣಿನ ಮೇಲೆ ಜಾರುತ್ತದೆ, ಅಷ್ಟೆ. ಎಳೆದಾಗ ಹೋಗಬೇಕು, ಬಿಟ್ಟಾಗ ವಾಪಸು ಬರಬೇಕು. ಆ ಎರಡನೆಯ ಕೆಲಸ ದೊಡ್ಡ ಕಡ್ಡಿಯಿಂದ ಆಗುವುದಿಲ್ಲ.

ಕುಚ್ಚಿನ ತಾಯಿ, ನಿಮ್ಮ ಪ್ರಶ್ನೆಗೆ ಉತ್ತರ ಹೆಣಿಗೆಯ ಒಳಗಡೆ ಇದೆ. ಎರಡು ಕಡ್ಡಿಯ ಹೆಣಿಗೆಯಲ್ಲಿ ಪ್ರತಿ ಸಾಲೂ ಒಂದರೊಳಗೊಂದು ತೂಗುವ ಕುಣಿಕೆಗಳ ಸಾಲು. ಎಳೆದರೆ ಕುಣಿಕೆ ಅಗಲವಾಗುತ್ತದೆ, ಬಿಟ್ಟರೆ ಉದ್ದವಾಗುತ್ತದೆ. ಕ್ರೋಶಾದಲ್ಲಿ ಹಾಗಲ್ಲ. ಒಂದು ಸ್ಟಿಚ್ ಮುಗಿಯಿತೆಂದರೆ ಅದರ ಕುಣಿಕೆ ಇನ್ನೊಂದು ಕುಣಿಕೆಯಿಂದ ಬೀಗ ಹಾಕಿಸಿಕೊಂಡಿರುತ್ತದೆ. ಆ ಬೀಗವನ್ನು ಎಷ್ಟು ಎಳೆದರೂ ಅದು ಬಿಟ್ಟುಕೊಡುವುದು ಅತ್ಯಲ್ಪ. ಆದ್ದರಿಂದ ನಾವು ಸ್ಟಿಚ್ಚನ್ನು ನಂಬದೆ ಮಡಿಕೆಯನ್ನು ನಂಬಬೇಕು.

ಮಡಿಕೆ ಬರುವುದು ಹೀಗೆ. ಪ್ರತಿ ಸ್ಟಿಚ್ಚಿನ ತಲೆಯ ಮೇಲೆ ಇಂಗ್ಲಿಷಿನ ವಿ ಆಕಾರದಲ್ಲಿ ಎರಡು ಎಳೆ ಇರುತ್ತವೆ, ನಮ್ಮ ಕಡೆಗೆ ಒಂದು, ಆಚೆ ಕಡೆಗೆ ಒಂದು. ಎರಡನ್ನೂ ಹಿಡಿಯದೆ ಆಚೆಯ ಎಳೆಯನ್ನು ಮಾತ್ರ ಹಿಡಿದು ಸಿಂಗಲ್ ಕ್ರೋಶಾ (ಡಬಲ್ಲಿಗಿಂತ ಗಿಡ್ಡ ಸ್ಟಿಚ್) ಹಾಕಿದರೆ, ಬಿಟ್ಟ ಈಚೆಯ ಎಳೆ ಏಣಿನಂತೆ ಎದ್ದು ನಿಲ್ಲುತ್ತದೆ. ಸಾಲು ಮುಗಿಸಿ ತಿರುಗಿಸಿ ಮತ್ತೆ ಹಾಗೆಯೇ ಹಾಕಿದರೆ ಮುಂದಿನ ಏಣು ಇನ್ನೊಂದು ಮಗ್ಗುಲಲ್ಲಿ ಬರುತ್ತದೆ. ಒಂದು ಈ ಕಡೆ, ಒಂದು ಆ ಕಡೆ ಎಂದು ಬಟ್ಟೆ ಹಾರ್ಮೋನಿಯಂ ತಿದಿಯಂತೆ ತಾನಾಗಿ ಮಡಚಿಕೊಳ್ಳುತ್ತದೆ. ಎಳೆದರೆ ಬಿಚ್ಚಿಕೊಳ್ಳುತ್ತದೆ, ಬಿಟ್ಟರೆ ಮಡಚಿಕೊಳ್ಳುತ್ತದೆ.

ಇಲ್ಲಿ ಬಹಳ ಜನ ಎಡವುವುದು ದಿಕ್ಕಿನಲ್ಲಿ. ಮಡಿಕೆ ಬಿಚ್ಚಿಕೊಳ್ಳುವುದು ಸಾಲಿನ ಉದ್ದಕ್ಕೆ ಅಲ್ಲ, ಸಾಲಿನಿಂದ ಸಾಲಿಗೆ. ಟೋಪಿಗೆ ಸುತ್ತಳತೆಯ ಕಡೆ ಜಗ್ಗು ಬೇಕು. ಆದ್ದರಿಂದ ಪಟ್ಟಿಯನ್ನು ಅಡ್ಡಕ್ಕೆ ಹೆಣೆಯಬೇಕು. ಪಟ್ಟಿಯ ಎತ್ತರ ಎಷ್ಟು ಬೇಕೋ ಅಷ್ಟೇ ಚೈನ್. ಕೂಸಿನ ಟೋಪಿಗೆ ಹತ್ತು ಚೈನ್ ಧಾರಾಳ. ಆಮೇಲೆ ತಿರುಗಿಸುತ್ತಾ ತಿರುಗಿಸುತ್ತಾ ತಲೆಯ ಸುತ್ತಳತೆ ಆಗುವ ತನಕ ಸಾಲು ಬೆಳೆಸುವುದು. ಕೊನೆಗೆ ಎರಡು ತುದಿ ಜೋಡಿಸಿದರೆ ಬಳೆಯಾಗುತ್ತದೆ. ಅದರ ಒಂದು ಅಂಚಿನಿಂದ ಸ್ಟಿಚ್ ಎತ್ತಿಕೊಂಡು ಟೋಪಿಯ ಮೈಯನ್ನು ಮೇಲಕ್ಕೆ ಹೆಣೆಯುತ್ತಾ ಹೋಗಬೇಕು. ನೆತ್ತಿಯಿಂದ ಇಳಿಯುವ ನಿಮ್ಮ ಕ್ರಮಕ್ಕೆ ಇದು ತಿರುವುಮುರುವು, ಆದರೆ ಒಮ್ಮೆ ರೂಢಿಯಾದರೆ ಹಳೆಯದಕ್ಕೆ ಹೋಗಲು ಮನಸ್ಸು ಬರುವುದಿಲ್ಲ.

ತಿರುಗಿಸದೆ ಸುತ್ತಾಗಿ ಆಚೆಯ ಎಳೆ ಹಿಡಿದು ಹಾಕಿದರೆ ಗೆರೆ ಕಾಣುತ್ತದೆ, ರಿಬ್ ಆಗುವುದಿಲ್ಲ. ಏಣುಗಳೆಲ್ಲ ಒಂದೇ ಮಗ್ಗುಲಲ್ಲಿ, ಅದೂ ಅಡ್ಡಡ್ಡ ಬೀಳುತ್ತವೆ.


ಸಿಂಧನೂರು ಸೂಜಿ

ಉಂಡೆಯಕ್ಕ ಹೇಳಿದ್ದು ಸರಿ. ಅದಕ್ಕಿಂತಲೂ ಜಗ್ಗುವುದು ಬೇಕಾದರೆ ಸ್ಲಿಪ್ ಸ್ಟಿಚ್ ರಿಬ್ ಇದೆ. ಹೆಣೆಯುವ ಕ್ರಮ ಅದೇ, ಆಚೆಯ ಎಳೆಯೇ, ಆದರೆ ಸಿಂಗಲ್ ಬದಲು ಸ್ಲಿಪ್ ಸ್ಟಿಚ್, ಅಂದರೆ ಎಲ್ಲಕ್ಕಿಂತ ಗಿಡ್ಡ ಸ್ಟಿಚ್. ಕ್ರೋಶಾದಲ್ಲಿ ಎರಡು ಕಡ್ಡಿಯ ರಿಬ್ಬಿಗೆ ಇಷ್ಟು ಹತ್ತಿರ ಬರುವುದು ಬೇರೊಂದಿಲ್ಲ. ಕೈಗೆ ತೆಳುವಾಗಿ, ಮೆತ್ತಗೆ ಬರುತ್ತದೆ.

ಆದರೆ ಅದು ತಾಳ್ಮೆಯ ಪರೀಕ್ಷೆ. ಒಂದೊಂದು ಸಾಲೂ ಎಷ್ಟು ಗಿಡ್ಡ ಎಂದರೆ ಒಂದು ಸಂಜೆ ಕುಳಿತರೂ ಅಂಗೈ ಅಗಲ ಆಗುವುದಿಲ್ಲ. ಮತ್ತೆ ಇಲ್ಲಿ ಮಾತ್ರ ದೊಡ್ಡ ಕಡ್ಡಿ ಬೇಕೇ ಬೇಕು. ಕಾಗದ 4 ಹೇಳಿದರೆ 5 ಹಿಡಿಯಿರಿ, ಬಿಗಿ ಕೈಯವರು 5.5 ಹಿಡಿಯಿರಿ. ಸಾಲಿನ ಕೊನೆಯ ಸ್ಟಿಚ್ ಅಡಗಿಕೊಳ್ಳುವುದರಲ್ಲಿ ನಿಸ್ಸೀಮ. ಪ್ರತಿ ಸಾಲಿನ ಮೊದಲ ಸ್ಟಿಚ್ಚಿಗೆ ಒಂದು ಪಿನ್ನು ಸಿಕ್ಕಿಸಿದರೆ ವಾಪಸು ಬರುವಾಗ ಕೊನೆ ಎಲ್ಲಿದೆ ಎಂದು ಗೊತ್ತಾಗುತ್ತದೆ. ಎಣಿಸದೆ ಹೋದರೆ ಪಟ್ಟಿ ನಿಧಾನವಾಗಿ ಕಿರಿದಾಗಿ ತ್ರಿಕೋನವಾಗುತ್ತದೆ.

ನಡುವಿನ ದಾರಿ ಹಾಫ್ ಡಬಲ್, ಸಿಂಗಲ್ಲಿಗೂ ಡಬಲ್ಲಿಗೂ ನಡುವಿನ ಎತ್ತರದ ಸ್ಟಿಚ್. ಬೇಗ ಬೆಳೆಯುತ್ತದೆ, ಉಬ್ಬು ದಪ್ಪ, ಮೆತ್ತಗಿರುತ್ತದೆ. ಮಕ್ಕಳ ಹೊದಿಕೆಯ ಅಂಚಿಗೆ ಚೆಂದ. ಟೋಪಿಗೆ ನಾನು ಹಾಕುವುದಿಲ್ಲ, ಕೆಲವು ದಿನ ಹಾಕಿಕೊಂಡ ಮೇಲೆ ಜೋಲುತ್ತದೆ.


ಕೌಲ್ ಬಜಾರ್ ಕುಚ್ಚು, ಬಳ್ಳಾರಿ

ಹಾಗಾದರೆ ನಾನು ಹಾಕಿರುವ ಕಂಬದ ರಿಬ್ ಎಲ್ಲಿಗೂ ಸಲ್ಲದೇ? ವಿಡಿಯೊಗಳಲ್ಲಿ ಅದನ್ನೇ ರಿಬ್ ಎಂದು ತೋರಿಸುತ್ತಾರೆ.


ಉಲ್ಲನ್ ಉಂಡೆ, ಕೊಪ್ಪಳ

ಸಲ್ಲುತ್ತದೆ. ದೊಡ್ಡವರ ಟೋಪಿಗೆ, ಬೆಚ್ಚಗಿರಬೇಕಾದ ಕಡೆಗೆ, ಸುತ್ತಾಗಿ ಹೆಣೆಯುತ್ತಾ ಜೋಡಣೆಯೇ ಇಲ್ಲದಂತೆ ಮುಗಿಸಬೇಕಾದಾಗ ಅದೇ ಸುಲಭ. ಆದರೆ ದಾರ ಹೆಚ್ಚು ತಿನ್ನುತ್ತದೆ, ದಪ್ಪ ಬರುತ್ತದೆ, ಜಗ್ಗು ಕಡಿಮೆ. ಹೆಣೆಯುತ್ತಾ ಹೋದಂತೆ ಹೊರಕ್ಕೆ ಅರಳುವ ಚಾಳಿಯೂ ಇದೆ. ಹಾಕುವುದಾದರೆ ಮೈಗಿಂತ ಸ್ಟಿಚ್ ಕಡಿಮೆ ಮಾಡಿ, ಅರ್ಧ ಮಿ.ಮೀ. ಸಣ್ಣ ಕಡ್ಡಿಯಲ್ಲಿ ಹಾಕಿ.

ವಿಡಿಯೊ ನೋಡುವಾಗ ಅಮೆರಿಕದ ಕ್ರಮವೋ ಬ್ರಿಟನ್ನಿನ ಕ್ರಮವೋ ನೋಡಿಕೊಳ್ಳಿ. ಅಮೆರಿಕದವರ ಸಿಂಗಲ್ ಬ್ರಿಟನ್ನಿನವರಿಗೆ ಡಬಲ್. ನಾವಿಲ್ಲಿ ಮಾತಾಡುತ್ತಿರುವುದು ಅಮೆರಿಕದ ಲೆಕ್ಕ. ಅತ್ತೆಯ ಪೆಟ್ಟಿಗೆಯ ಹಳೆಯ ಪುಸ್ತಕ ಬ್ರಿಟನ್ನಿನದಾಗಿದ್ದರೆ ಪಟ್ಟಿ ಬೇರೆಯೇ ಆಗಿ ಬರುತ್ತದೆ.


ನೀಲಿ ನೂಲು, ಬಳ್ಳಾರಿ

ಅಕ್ಕಂದಿರೇ, ನಡುವೆ ಬಾಯಿ ಹಾಕುತ್ತಿದ್ದೇನೆ. ನನಗೆ ಕ್ರೋಶಾ ಬಾರದು, ಹೆಂಡತಿಗೆ ಬರುತ್ತದೆ. ನಾನು ಜೀನ್ಸ್ ಘಟಕದಲ್ಲಿ ಕತ್ತರಿಸುವ ಮೇಜಿನ ಬಳಿ ನಿಲ್ಲುವವನು. ಜಗ್ಗುವ ಬಟ್ಟೆಯ ವಿಷಯದಲ್ಲಿ ನಮ್ಮದೂ ಒಂದು ಲೆಕ್ಕವಿದೆ.

ಜಾಕೆಟ್ಟಿನ ತೋಳಿನ ತುದಿಗೆ ರಿಬ್ ಬಟ್ಟೆ ಕೂರಿಸುವಾಗ ತೋಳಿನ ಬಾಯಿಯಷ್ಟೇ ಅಳತೆಗೆ ಯಾರೂ ಕತ್ತರಿಸುವುದಿಲ್ಲ. ನೂರಕ್ಕೆ ಹತ್ತರಿಂದ ಇಪ್ಪತ್ತು ಭಾಗ ಕಡಿಮೆ ಕತ್ತರಿಸಿ, ಎಳೆದು ಹಿಡಿದು ಹೊಲಿಯುತ್ತೇವೆ. ರಿಬ್ ಹಿಡಿದು ಕೂರುವುದು ಅದು ಯಾವಾಗಲೂ ಸ್ವಲ್ಪ ಎಳೆದ ಸ್ಥಿತಿಯಲ್ಲಿ ಇರುವುದರಿಂದ. ನಿಮ್ಮ ಟೋಪಿಗೂ ಇದೇ ಅನ್ವಯಿಸಬೇಕು. ತಲೆಯ ಅಳತೆಗೆ ಸರಿಯಾಗಿ ಹೆಣೆದ ರಿಬ್ ಅಲಂಕಾರಕ್ಕೆ ಮಾತ್ರ.

ಹೊಸ ಥಾನು ಬಂದಾಗ ನಾನು ಮಾಡುವ ಪರೀಕ್ಷೆ ನಿಮಗೂ ಆಗುತ್ತದೆ. ತುಂಡಿನ ಮೇಲೆ 10 ಸೆಂ.ಮೀ. ಗುರುತು ಮಾಡಿ, ಅಳತೆ ಪಟ್ಟಿಯ ಮೇಲಿಟ್ಟು ಎಳೆಯಬೇಕು. ಎಷ್ಟಕ್ಕೆ ಹೋಗುತ್ತದೆ, ಬಿಟ್ಟ ಮೇಲೆ ಎಷ್ಟಕ್ಕೆ ನಿಲ್ಲುತ್ತದೆ ಎಂದು ಎರಡೂ ಬರೆದುಕೊಳ್ಳಬೇಕು. 15ಕ್ಕೆ ಹೋಗಿ 10ಕ್ಕೆ ಬಂದರೆ ಒಳ್ಳೆಯ ಮಾಲು. 15ಕ್ಕೆ ಹೋಗಿ 12ಕ್ಕೆ ನಿಂತರೆ ಅಂಥ ಬಟ್ಟೆಯ ಪ್ಯಾಂಟಿನ ಮೊಣಕಾಲು ನಾಲ್ಕು ದಿನಕ್ಕೆ ಉಬ್ಬಿ ನಿಲ್ಲುತ್ತದೆ. ಸ್ಟ್ರೆಚ್ ಜೀನ್ಸಿನಲ್ಲೂ ಜಗ್ಗುವುದು ಹತ್ತಿಯಲ್ಲ, ಅದರೊಳಗೆ ಸೇರಿಸಿದ ಸ್ಪ್ಯಾಂಡೆಕ್ಸ್. ಸಾಮಾನ್ಯವಾಗಿ ನೂರಕ್ಕೆ ಒಂದೆರಡು ಭಾಗ ಇದ್ದರೆ ಸಾಕು, ಬಟ್ಟೆಯ ಗುಣವೇ ಬದಲಾಗುತ್ತದೆ.


ಹತ್ತಿ ಹೂವು, ರಾಯಚೂರು

ನೀಲಿ ನೂಲಣ್ಣ ಹತ್ತಿಯ ಮಾತೆತ್ತಿದ್ದು ಒಳ್ಳೆಯದಾಯಿತು. ರಾಯಚೂರಿನವರು ಹತ್ತಿಯನ್ನು ಬಿಟ್ಟುಕೊಡುವುದು ಕಷ್ಟ, ಊರಿನ ಮಾರುಕಟ್ಟೆಯೇ ಅದರ ಮೇಲೆ ನಿಂತಿದೆ. ಆದರೂ ಸತ್ಯ ಹೇಳಬೇಕು. ಹತ್ತಿಯ ಎಳೆಗೆ ವಾಪಸು ಬರುವ ಗುಣ ಇಲ್ಲವೆಂದೇ ಹೇಳಬಹುದು. ಕುರಿಯ ಉಣ್ಣೆಯ ಎಳೆ ಹುಟ್ಟಿನಿಂದಲೇ ಅಲೆ ಅಲೆಯಾಗಿ ಸುರುಳಿಗೊಂಡಿರುತ್ತದೆ, ಎಳೆದು ಬಿಟ್ಟರೆ ಆ ಸುರುಳಿಗೆ ಮರಳುತ್ತದೆ. ಅಕ್ರಿಲಿಕ್ ಇವೆರಡರ ನಡುವೆ. ಅಂದರೆ ಹತ್ತಿ ದಾರದ ರಿಬ್ ಜಗ್ಗುವುದೆಲ್ಲ ಮಡಿಕೆಯ ಬಲದಿಂದ, ದಾರದ ಸಹಾಯ ಸೊನ್ನೆ.

ಆದರೆ ನಮ್ಮ ಕಡೆ ವರ್ಷದಲ್ಲಿ ಬಹುಪಾಲು ದಿನ ಕೂಸಿನ ಮೈಗೆ ಹಿತವಾದದ್ದು ಹತ್ತಿಯೇ. ಹತ್ತಿಯಲ್ಲಿ ಹೆಣೆಯುವವರು ಸ್ಲಿಪ್ ಸ್ಟಿಚ್ ರಿಬ್ ಹಾಕಿ, ಅಳತೆಯನ್ನು ಇನ್ನಷ್ಟು ಕಡಿಮೆ ಮಾಡಿ. ಪಟ್ಟಿ ಮುಗಿದ ಮೇಲೆ ಒಳಮಗ್ಗುಲಲ್ಲಿ ಏಣುಗಳ ಅಡಿಯಿಂದ ತೆಳುವಾದ ಎಲಾಸ್ಟಿಕ್ ದಾರ ತೂರಿಸುವುದೂ ಉಂಟು. ದೊಡ್ಡವರ ಟೋಪಿಗೆ, ಕೈಗವಸಿಗೆ ಅದು ಸರಿ. ಹಸುಗೂಸಿನ ಹಣೆಗೆ ಎಲಾಸ್ಟಿಕ್ ಗುರುತು ಮೂಡಿಸುತ್ತದೆ, ನಾನು ಒಪ್ಪುವುದಿಲ್ಲ. ಅದಕ್ಕಿಂತ ನಮ್ಮ ಕುಲಾವಿ ಮೇಲು. ನಮ್ಮ ಹಿರಿಯರು ಜಗ್ಗುವ ಪಟ್ಟಿಯ ಗೊಡವೆಗೇ ಹೋಗದೆ ಗದ್ದದ ಕೆಳಗೆ ದಾರ ಕಟ್ಟಿ ಸಮಸ್ಯೆ ಮುಗಿಸಿದರು. ದಾರ ಮಾತ್ರ ಗಿಡ್ಡವಿರಲಿ, ಕೂಸು ಮಲಗಿದಾಗ ಬಿಚ್ಚಿಬಿಡಿ.


ಬಿಡುವಿನ ಹೆಣಿಗೆ, ಹೊಸಪೇಟೆ ರಸ್ತೆ

ಉಣ್ಣೆಯೇ ಉತ್ತಮ ಎನ್ನುವುದಾದರೆ ನಮ್ಮ ಕಂಬಳಿ ಉಣ್ಣೆ ಇದೆಯಲ್ಲ. ಮನೆಯ ಹತ್ತಿರವೇ ಸಿಗುವುದನ್ನು ಬಿಟ್ಟು ಪಂಜಾಬಿನಿಂದ ತರಿಸುವುದೇಕೆ?


ಉಲ್ಲನ್ ಉಂಡೆ, ಕೊಪ್ಪಳ

ಕಂಬಳಿ ಉಣ್ಣೆ ನಮ್ಮ ದಖ್ಖನಿ ಕುರಿಯದು. ಎಳೆ ಒರಟು, ಮಳೆ ಬಿಸಿಲಿಗೆ ಹೇಳಿ ಮಾಡಿಸಿದ್ದು. ನೇಯುವಾಗ ಹಾಸಿನ ನೂಲಿಗೆ ಹುಣಸೆ ಬೀಜದ ಸರಿ (ಗಂಜಿ) ಹಚ್ಚಿ ಇನ್ನೂ ಗಡುಸು ಮಾಡುತ್ತಾರೆ. ಕುರಿ ಕಾಯುವವರ ಹೆಗಲಿಗೆ ಅದು ಭೂಷಣ, ಹಸುಗೂಸಿನ ಹಣೆಗೆ ಚುಚ್ಚುತ್ತದೆ. ನಿಮ್ಮ ತಲೆಗೆ ಬೇಕಾದರೆ ಹೆಣೆದುಕೊಳ್ಳಿ.


ಬಿಡುವಿನ ಹೆಣಿಗೆ, ಹೊಸಪೇಟೆ ರಸ್ತೆ

ನನ್ನ ತಲೆ ಬೋಳು. ಇನ್ನೂ ಚುಚ್ಚುತ್ತದೆ.


ಆನೆಗೊಂದಿ ಅತ್ತೆ

ಎಲ್ಲರೂ ರಿಬ್ಬಿನ ಹಿಂದೆ ಬಿದ್ದಿದ್ದೀರಿ, ಆ ಹುಡುಗಿಯ ಎರಡನೆಯ ಪ್ರಶ್ನೆಗೆ ಯಾರೂ ಸರಿಯಾಗಿ ಉತ್ತರಿಸಲಿಲ್ಲ. ಕೈ ಬಿಗಿ ಇದ್ದರೆ ಯಾವ ರಿಬ್ ಹಾಕಿದರೂ ಹಲಗೆಯಾಗುತ್ತದೆ.

ನಮ್ಮೂರಿನಲ್ಲಿ ಬಾಳೆನಾರನ್ನು ಹೊಸೆದು ಚೀಲ, ಚಾಪೆ ಮಾಡುತ್ತಾರೆ. ಆ ನಾರಿಗೆ ಎಳ್ಳಷ್ಟೂ ಜಗ್ಗಿಲ್ಲ, ಬಿಗಿ ಹಿಡಿದರೆ ಬೆರಳಿನ ಚರ್ಮ ಸುಲಿಯುತ್ತದೆ. ಆದ್ದರಿಂದ ಅದರಲ್ಲಿ ಕೈಯಾಡಿಸಿದವರಿಗೆ ಬಿಡುವ ಕೈ ತಾನಾಗಿ ಬರುತ್ತದೆ. ಕುಚ್ಚಿನವರಿಗೆ ಆಗುವುದು ಇದರ ವಿರುದ್ಧ. ರೇಷ್ಮೆ ದಾರ ಜಾರುತ್ತದೆ, ಮಣಿ ಅಲುಗಾಡಬಾರದು, ಆದ್ದರಿಂದ ಪ್ರತಿ ಸ್ಟಿಚ್ ಆದ ಮೇಲೆ ದಾರವನ್ನು ಒಮ್ಮೆ ಜಗ್ಗಿ ಕೂರಿಸುತ್ತೀರಿ. ಕುಚ್ಚಿಗೆ ಆ ಜಗ್ಗು ಗುಣ, ಟೋಪಿಗೆ ಅದೇ ರೋಗ. ಮೊದಲು ಅದನ್ನು ನಿಲ್ಲಿಸಬೇಕು. ಸ್ಟಿಚ್ ಮುಗಿದ ಮೇಲೆ ಎಡಗೈ ಸುಮ್ಮನಿರಬೇಕು.

ಈಗ ಕಡ್ಡಿಯನ್ನು ನೋಡಿ. ತುದಿಯ ಕೊಕ್ಕೆ, ಅದರ ಕೆಳಗೆ ಸಣ್ಣಗಾಗುವ ಕುತ್ತಿಗೆ, ಅದರ ಕೆಳಗೆ ಒಂದೇ ದಪ್ಪದ ಕಾಂಡ, ಆಮೇಲೆ ಹೆಬ್ಬೆರಳಿಡುವ ಚಪ್ಪಟೆ ಜಾಗ. 4 ಮಿ.ಮೀ. ಎಂದು ಬರೆದಿರುವುದು ಕಾಂಡದ ಅಳತೆ, ಕುತ್ತಿಗೆಯದಲ್ಲ. ಬಿಗಿ ಕೈಯವರೆಲ್ಲ ಕುಣಿಕೆಯನ್ನು ಕುತ್ತಿಗೆಯಲ್ಲೇ ಇಟ್ಟುಕೊಂಡು ಮುಂದಿನ ಸ್ಟಿಚ್ ಎಳೆದುಬಿಡುತ್ತಾರೆ. ಅಂಥವರ ಕೈಗೆ 5 ಮಿ.ಮೀ. ಕೊಟ್ಟರೂ ಹೆಣಿಗೆ ಬರುವುದು ಅದರ ಕುತ್ತಿಗೆಯ ಅಳತೆಗೇ. ಪ್ರತಿ ಕುಣಿಕೆಯೂ ಕಾಂಡದ ತನಕ ಇಳಿದು, ಅಲ್ಲಿ ಆರಾಮವಾಗಿ ಕುಳಿತ ಮೇಲೆ ಮುಂದಿನದಕ್ಕೆ ಹೋಗಿ. ಮೊದಮೊದಲು ಆಮೆಯ ನಡಿಗೆಯೇ ಸರಿ.

ಇನ್ನೊಂದು ಗುಟ್ಟು ಎಳೆಯುವ ಎತ್ತರದಲ್ಲಿದೆ. ಕಡ್ಡಿ ತೂರಿಸಿ ದಾರವನ್ನು ಈಚೆಗೆ ಎಳೆದಾಗ ಬರುವ ಆ ಮೊದಲ ಕುಣಿಕೆಯ ಎತ್ತರವೇ ಇಡೀ ಸ್ಟಿಚ್ಚಿನ ಎತ್ತರವನ್ನು ತೀರ್ಮಾನಿಸುತ್ತದೆ. ಕೆಲವರು ಅದನ್ನು ಕೆಳಕ್ಕೆ ಅದುಮುತ್ತಾರೆ, ಕೆಲವರು ಇದ್ದಲ್ಲೇ ಬಿಡುತ್ತಾರೆ, ಕೆಲವರು ಮೇಲಕ್ಕೆ ಎತ್ತುತ್ತಾರೆ. ಒಂದೇ ಉಂಡೆ, ಒಂದೇ ಕಡ್ಡಿ ಹಿಡಿದ ಇಬ್ಬರ ಟೋಪಿ ಬೇರೆ ಬೇರೆ ಅಳತೆಗೆ ಬರುವುದು ಇದರಿಂದಲೇ. ನೀನು ಅದುಮುವ ಗುಂಪಿನವಳು ಎಂದು ಬರೆದದ್ದನ್ನು ಓದಿಯೇ ಹೇಳಬಲ್ಲೆ. ಆ ಕುಣಿಕೆಯನ್ನು ಕೂದಲೆಳೆಯಷ್ಟು ಮೇಲಕ್ಕೆ ಎತ್ತಿ ಆಮೇಲೆ ದಾರ ಸುತ್ತಿಕೋ.

ದಾರವನ್ನು ಕಿರುಬೆರಳಿಗೆ ಎರಡು ಸುತ್ತು ಸುತ್ತುತ್ತೀಯಾ? ಒಂದಕ್ಕೆ ಇಳಿಸು, ಅಥವಾ ಬೆರಳುಗಳ ಮೇಲೆ ಕೆಳಗೆ ಹಾಯಿಸಿ ಬಿಡು. ಉಂಡೆಯಿಂದ ಒಂದೆರಡು ಮಾರು ದಾರವನ್ನು ಮೊದಲೇ ಬಿಚ್ಚಿ ಮಡಿಲಿಗೆ ಹಾಕಿಕೋ. ಉಂಡೆ ಜಗ್ಗಿದಾಗೆಲ್ಲ ಆ ಭಾರ ನೇರ ಸ್ಟಿಚ್ಚಿಗೆ ಹೋಗುತ್ತದೆ.


ಸಿಂಧನೂರು ಸೂಜಿ

ಅತ್ತೆಯವರ ಮಾತಿಗೆ ಒಂದು ಸೇರಿಕೆ. ನಮ್ಮ ಬೇಸಿಗೆಯಲ್ಲಿ ಬೆವರಿನಿಂದಲೂ ಬಿಗಿಯಾಗುತ್ತದೆ. ಒದ್ದೆ ಬೆರಳಿಗೆ ಅಕ್ರಿಲಿಕ್ ಅಂಟಿಕೊಂಡು ಹರಿಯುವುದಿಲ್ಲ, ಪ್ಲಾಸ್ಟಿಕ್ ಕಡ್ಡಿ ಕಿರುಗುಟ್ಟುತ್ತದೆ. ಕೈಗೆ ಸ್ವಲ್ಪ ಪೌಡರ್ ಹಚ್ಚಿಕೊಳ್ಳಿ, ನುಣುಪಾದ ಲೋಹದ ಕಡ್ಡಿ ಹಿಡಿಯಿರಿ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಹೆಣೆದದ್ದು ಮತ್ತು ಬೆಳಿಗ್ಗೆ ಹೆಣೆದದ್ದು ಒಂದೇ ಪಟ್ಟಿಯಲ್ಲಿ ಬೇರೆ ಬೇರೆಯಾಗಿ ಕಾಣುವುದನ್ನು ನಾನೇ ನೋಡಿದ್ದೇನೆ.

ಚೈನ್ ಅಂಚು ಬಾಗುವುದಕ್ಕೆ ಎರಡು ದಾರಿ. ಚೈನ್ ಮಾತ್ರ ಒಂದೆರಡು ಅಳತೆ ದೊಡ್ಡ ಕಡ್ಡಿಯಲ್ಲಿ ಹಾಕಿ, ಮೊದಲ ಸಾಲಿನಿಂದ ನಿಮ್ಮ ಕಡ್ಡಿಗೆ ಮರಳಿ. ಇಲ್ಲವೇ ಚೈನನ್ನೇ ಬಿಟ್ಟು, ಚೈನ್ ಮತ್ತು ಸಿಂಗಲ್ ಎರಡನ್ನೂ ಒಟ್ಟಿಗೆ ಹೆಣೆಯುವ ಫೌಂಡೇಶನ್ ಸಿಂಗಲ್ ಕ್ರೋಶಾ ಕಲಿಯಿರಿ. ಅಂಚು ಉಳಿದ ಬಟ್ಟೆಯಷ್ಟೇ ಜಗ್ಗುತ್ತದೆ.


ಕೌಲ್ ಬಜಾರ್ ಕುಚ್ಚು, ಬಳ್ಳಾರಿ

ಅತ್ತೆಯವರೇ, ನೀವು ನನ್ನ ಕೈಯನ್ನು ಎಲ್ಲೋ ಕುಳಿತು ನೋಡಿದಂತೆ ಬರೆದಿದ್ದೀರಿ. ಕಿರುಬೆರಳಿಗೆ ಎರಡು ಸುತ್ತು, ಹೌದು. ಸ್ಟಿಚ್ ಆದ ಮೇಲೆ ಜಗ್ಗುವುದು, ಅದೂ ಹೌದು.

ಮೂರು ತುಂಡು ಹೆಣೆದು ನೀಲಿ ನೂಲಣ್ಣನ ಅಳತೆ ಪಟ್ಟಿ ಪರೀಕ್ಷೆ ಮಾಡಿದೆ. ಕಂಬದ ರಿಬ್ 10ರಿಂದ 12ಕ್ಕೆ ಹೋಗಿ ನಿಂತಿತು. 4 ಮಿ.ಮೀ. ಕಡ್ಡಿಯ ಸಿಂಗಲ್ ರಿಬ್ 15ಕ್ಕೆ ಹೋಗಿ ಹೆಚ್ಚುಕಡಿಮೆ 10ಕ್ಕೇ ಬಂತು. 5 ಮಿ.ಮೀ. ಕಡ್ಡಿಯ ಸ್ಲಿಪ್ ಸ್ಟಿಚ್ ರಿಬ್ 17 ದಾಟಿತು, ಬಿಟ್ಟ ಕೂಡಲೇ ಮುದುಡಿತು. ಆದರೆ ಅದನ್ನು ಹೆಣೆಯುವಷ್ಟರಲ್ಲಿ ಒಂದು ಸೀರೆಯ ಕುಚ್ಚು ಮುಗಿಯುತ್ತಿತ್ತು. ಟೋಪಿಗೆ ಸಿಂಗಲ್ ರಿಬ್ಬೇ ಇರಲಿ ಎಂದುಕೊಂಡಿದ್ದೇನೆ.

ಕೂಸಿಗೆ ಈಗ ಒಂದು ತಿಂಗಳು. ಸಾಲಿನ ಲೆಕ್ಕ ಹೇಗೆ ಹಾಕಬೇಕು? ಮತ್ತೆ, ಪಟ್ಟಿಯ ಅಂಚಿಗೆ ನಾಲ್ಕು ಮುತ್ತು ಹಾಕಿದರೆ ಚೆಂದ ಕಾಣುವುದಿಲ್ಲವೇ?


ಹತ್ತಿ ಹೂವು, ರಾಯಚೂರು

ಮುತ್ತು, ಮಣಿ ಏನೂ ಬೇಡ ತಾಯಿ. ಕೂಸು ಕಿತ್ತು ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಕ್ಕುತ್ತದೆ. ಮುತ್ತನ್ನು ಸೀರೆಗೆ ಇಟ್ಟುಕೊಳ್ಳಿ. ಟೋಪಿ ಹೊರಗೆ ಹೋಗುವಾಗ, ಚಳಿಗೆ ಮಾತ್ರ. ಮನೆಯೊಳಗೆ ಮಲಗಿಸುವಾಗ ತೆಗೆದುಬಿಡಿ, ಎಳೆಗೂಸುಗಳ ಮೈ ಬೇಗ ಕಾಯುತ್ತದೆ.


ಉಲ್ಲನ್ ಉಂಡೆ, ಕೊಪ್ಪಳ

ಲೆಕ್ಕ ಸುಲಭ. ಹುಟ್ಟಿದ ಕೂಸಿನ ತಲೆ ಸುಮಾರು 34–35 ಸೆಂ.ಮೀ., ಮೂರು ತಿಂಗಳಿಗೆ 40ರ ಹತ್ತಿರ, ಆರು ತಿಂಗಳಿಗೆ 43ರ ಆಸುಪಾಸು, ವರ್ಷಕ್ಕೆ 45–46. ಈಗಿನ ಅಳತೆಗೆ ಹೆಣೆಯಬೇಡಿ, ಮೂರು ತಿಂಗಳ ಲೆಕ್ಕ ಹಿಡಿಯಿರಿ. ಕೂಸುಗಳು ನಮ್ಮ ಹೆಣಿಗೆಗೆ ಕಾಯುವುದಿಲ್ಲ.

40ರಲ್ಲಿ ನೂರಕ್ಕೆ ಹನ್ನೆರಡು ಭಾಗ ಕಳೆದರೆ 35. ನಿಮ್ಮ ತುಂಡಿನಲ್ಲಿ 10 ಸೆಂ.ಮೀ.ಗೆ ಎಷ್ಟು ಸಾಲು ಇವೆ ಎಂದು ಎಳೆಯದೆ ಎಣಿಸಿ. ಉದಾಹರಣೆಗೆ 24 ಇದ್ದರೆ ಮೂರೂವರೆ ಪಟ್ಟು, 84 ಸಾಲು. ಒಂದು ಮಗ್ಗುಲಿನಿಂದ ನೋಡಿದರೆ ಎರಡು ಸಾಲಿಗೆ ಒಂದು ಏಣು, ಆದ್ದರಿಂದ ಸಮ ಸಂಖ್ಯೆಯಲ್ಲೇ ನಿಲ್ಲಿಸಿ, ಜೋಡಿಸಿದ ಕಡೆ ಉಬ್ಬು ತಗ್ಗು ತಪ್ಪುವುದಿಲ್ಲ. ಜೋಡಿಸುವಾಗ ಕೊನೆಯ ಸಾಲಿನ ಆಚೆಯ ಎಳೆ ಮತ್ತು ಚೈನಿನಲ್ಲಿ ಉಳಿದ ಎಳೆ ಎರಡನ್ನೂ ಹಿಡಿದು ಸ್ಲಿಪ್ ಸ್ಟಿಚ್, ಸಡಿಲವಾಗಿ. ಮೈಗೆ ಸ್ಟಿಚ್ ಎತ್ತುವಾಗ ಒಂದು ಸಾಲಿನ ತುದಿಗೆ ಒಂದು ಸಿಂಗಲ್. ಸ್ಲಿಪ್ ಸ್ಟಿಚ್ ರಿಬ್ ಆಗಿದ್ದರೆ ಸಾಲು ಗಿಡ್ಡವಾದ್ದರಿಂದ ಎರಡು ಸಾಲಿಗೆ ಒಂದು.

ಪಟ್ಟಿಯ ಕೆಳ ಅಂಚಿಗೆ ಚೆಂದಕ್ಕೆಂದು ಇನ್ನೊಂದು ಸುತ್ತು ಸಿಂಗಲ್ ಓಡಿಸುವವರಿದ್ದಾರೆ. ಇಷ್ಟು ಕಷ್ಟಪಟ್ಟು ತಂದ ಜಗ್ಗನ್ನು ಆ ಒಂದು ಸುತ್ತು ಹಗ್ಗ ಹಾಕಿ ಕಟ್ಟಿದಂತೆ ಕಟ್ಟಿಹಾಕುತ್ತದೆ. ಬಿಟ್ಟುಬಿಡಿ.


ನೀಲಿ ನೂಲು, ಬಳ್ಳಾರಿ

ಮುಗಿದ ಮೇಲೆ ಇಸ್ತ್ರಿ ಪೆಟ್ಟಿಗೆ ಮುಟ್ಟಿಸಬೇಡಿ. ಅಕ್ರಿಲಿಕ್ ಎಂದರೆ ಕೊನೆಗೆ ಪ್ಲಾಸ್ಟಿಕ್ಕೇ, ಬಿಸಿಗೆ ಅದರ ಎಳೆ ಸತ್ತು ಜೋತು ಬೀಳುತ್ತದೆ. ಒಮ್ಮೆ ಹಾಗಾದರೆ ಯಾವ ನೀರಿನಲ್ಲಿ ತೊಳೆದರೂ ವಾಪಸು ಬರುವುದಿಲ್ಲ. ಶಾಲಿಗೆ ಬೇಕೆಂದೇ ಹಾಗೆ ಮಾಡುವವರಿದ್ದಾರೆ, ಮೆತ್ತಗೆ ಬೀಳಲಿ ಎಂದು. ರಿಬ್ಬಿಗೆ ಅದು ಶತ್ರು. ತಣ್ಣೀರಲ್ಲಿ ಅದ್ದಿ, ಟವೆಲ್ಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಹರವಿ. ತಂತಿಗೆ ನೇತು ಹಾಕಿದರೆ ನೀರಿನ ಭಾರಕ್ಕೇ ಜೋಲುತ್ತದೆ.


ಸಂಡೂರು ಕನ್ನಡಿ

ನಾನು ಲಂಬಾಣಿ ಕಸೂತಿಯವಳು, ಕ್ರೋಶಾ ಈಗೀಗ ಕಲಿಯುತ್ತಿದ್ದೇನೆ. ಮಗಳ ಸ್ವೆಟರ್ ಮೈ ಮುಗಿದಿದೆ, ತೋಳಿನ ತುದಿಗೆ ಮತ್ತು ಸೊಂಟಕ್ಕೆ ಇಂಥ ರಿಬ್ ಬೇಕು. ಬೇರೆಯಾಗಿ ಹೆಣೆದು ಹೊಲಿಯಲೇಬೇಕೇ? ನನ್ನ ಹೊಲಿಗೆ ಕಸೂತಿಯ ಹೊಲಿಗೆ, ಬಿಗಿಯಾಗಿಬಿಡುತ್ತದೆ.


ಆನೆಗೊಂದಿ ಅತ್ತೆ

ಹೊಲಿಯುವುದು ಬೇಡ ಮಗಳೇ. ತೋಳಿನ ಅಂಚಿನಲ್ಲೇ ದಾರ ಹಿಡಿದು, ಪಟ್ಟಿಯ ಎತ್ತರಕ್ಕೆ ಬೇಕಾದಷ್ಟು ಚೈನನ್ನು ಹೊರಕ್ಕೆ ಹಾಕು. ಚೈನ್ ಮೇಲೆ ಸಿಂಗಲ್ ಹಾಕುತ್ತಾ ತೋಳಿನ ಕಡೆಗೆ ವಾಪಸು ಬಾ. ಅಂಚಿಗೆ ಬಂದಾಗ ತೋಳಿನ ಮುಂದಿನ ಎರಡು ಸ್ಟಿಚ್ಚಿಗೆ ಒಂದೊಂದು ಸ್ಲಿಪ್ ಸ್ಟಿಚ್. ಒಂದು ಪಟ್ಟಿಯನ್ನು ತೋಳಿಗೆ ಅಂಟಿಸುತ್ತದೆ, ಇನ್ನೊಂದು ಮುಂದಿನ ಸಾಲಿನ ಎತ್ತರಕ್ಕೆ. ತಿರುಗಿಸಿ, ಆ ಎರಡನ್ನು ಬಿಟ್ಟು, ಆಚೆಯ ಎಳೆ ಹಿಡಿದು ಹೊರಕ್ಕೆ ಹೋಗು. ತುದಿಯಲ್ಲಿ ಒಂದು ಚೈನ್, ತಿರುಗಿಸಿ ಮತ್ತೆ ಒಳಕ್ಕೆ. ಹೀಗೆ ಎರಡು ಸಾಲಿಗೆ ತೋಳಿನ ಎರಡು ಸ್ಟಿಚ್ ಖರ್ಚಾಗುತ್ತದೆ. ಪಟ್ಟಿ ಇನ್ನೂ ಹಿಡಿದು ಕೂರಬೇಕೆಂದರೆ ತೋಳಿನ ಕೊನೆಯ ಸುತ್ತಿನಲ್ಲಿ ಅಲ್ಲಲ್ಲಿ ಎರಡು ಸ್ಟಿಚ್ಚನ್ನು ಒಂದು ಮಾಡಿ, ಆಮೇಲೆ ಶುರು ಮಾಡು.

ಆರಂಭ ಕಂಕುಳಿನ ಗೆರೆಯ ನೇರಕ್ಕೆ ಇರಲಿ, ಕೊನೆಯಲ್ಲಿ ಜೋಡಿಸಿದ ಜಾಗ ಕೈಯ ಒಳಮಗ್ಗುಲಿಗೆ ಬರುತ್ತದೆ. ಸೊಂಟಕ್ಕೂ ಇದೇ ಕ್ರಮ, ಚೈನ್ ಮಾತ್ರ ಇನ್ನೊಂದು ನಾಲ್ಕೈದು ಹೆಚ್ಚು.